ಜಿಮ್ಮಿಗೆ ಇಂಜೆಕ್ಷನ್ ಹಾಕಿಸಿದಿರಿ, ಅದರ ಗೋಣಿಚೀಲಕ್ಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ಜಿಮ್ಮಿ ಮೂರು ವರ್ಷದ ಗಂಡುನಾಯಿ, ಲ್ಯಾಬ್ರಡಾರ್ ಮತ್ತು ಊರನಾಯಿಯ ಬೆರಕೆ. ಹೋದ ಮಳೆಗಾಲದಲ್ಲಿ ಬಾಲದ ಬುಡದಲ್ಲಿ ಕೂದಲು ಉದುರಿ ತುರಿಕೆ ಶುರುವಾಯಿತು. ಇಂಜೆಕ್ಷನ್ ಹಾಕಿಸಿದೆವು. ಹದಿನೈದು ದಿನ ಆರಾಮಾಗಿತ್ತು, ಆಮೇಲೆ ಮತ್ತೆ ಅದೇ. ಹೀಗೆ ನಾಲ್ಕು ಸಲ ಆಯಿತು. ಈಗ ಹೊಟ್ಟೆ, ಕಂಕುಳು ಕಪ್ಪಾಗಿ ದಪ್ಪಗಾಗಿದೆ, ಹತ್ತಿರ ಬಂದರೆ ಕಮಟು ವಾಸನೆ. ವಾರಕ್ಕೊಮ್ಮೆ ಬಟ್ಟೆ ಸೋಪಿನಲ್ಲಿ ಸ್ನಾನ ಮಾಡಿಸುತ್ತೇವೆ, ಬೇವಿನೆಣ್ಣೆ, ಹೊಂಗೆ ಎಣ್ಣೆ ಎರಡೂ ಹಚ್ಚಿದ್ದಾಯಿತು. ಪಕ್ಕದ ಮನೆಯವರು ಸುಟ್ಟ ಇಂಜಿನ್ ಆಯಿಲ್ ಹಚ್ಚಿ ಅನ್ನುತ್ತಿದ್ದಾರೆ. ಮಗಳ ಕಾಲಿನ ಮೇಲೂ ಕೆಂಪು ಗುಳ್ಳೆ ಎದ್ದಿವೆ. ನಾಯಿಯ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ, ಎಲ್ಲಾದರೂ ಬಿಟ್ಟು ಬನ್ನಿ ಅಂತ ನಮ್ಮತ್ತೆ ಹಟ ಹಿಡಿದಿದ್ದಾರೆ. ಏನು ಮಾಡುವುದು?

ಉತ್ತರ: ಇಂಜಿನ್ ಆಯಿಲ್ ಸಂಗತಿ ಮೊದಲು ಮುಗಿಸಿಬಿಡೋಣ. ಬೇಡ. ಬೆರಳದ್ದಿ ಹಚ್ಚುವಷ್ಟೂ ಬೇಡ. ಆಯಿಲ್ ಮೆತ್ತಿದಾಗ ಮೈಮೇಲಿನ ಒಂದಷ್ಟು ಹುಳ ಉಸಿರುಕಟ್ಟಿ ಸಾಯುತ್ತವೆ. ಅದನ್ನು ಕಂಡವರು ಊರಿಗೆಲ್ಲ ಹೇಳುತ್ತಾರೆ. ಆದರೆ ನಾಯಿ ಮೈ ನೆಕ್ಕುವ ಪ್ರಾಣಿ. ಸುಟ್ಟ ಆಯಿಲಿನಲ್ಲಿ ಇಂಜಿನ್ನಿನ ಸವೆದ ಲೋಹವೂ ಸೇರಿರುತ್ತದೆ, ಅದೆಲ್ಲ ನೇರ ಹೊಟ್ಟೆಗೆ ಹೋಗುತ್ತದೆ. ಒಂದು ಏಪ್ರಿಲ್‌ನಲ್ಲಿ ಹಾಗೆ ಮೈತುಂಬ ಬಳಿದ ನಾಯಿಯೊಂದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ನನ್ನ ಹತ್ತಿರ ತಂದಿದ್ದರು. ಬಿಸಿಲಿಗೆ ಚರ್ಮ ಬೆಂದಹಾಗಾಗಿತ್ತು, ವಾಂತಿ ನಿಂತಿರಲಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಐದು ಸಲ ತೊಳೆದರೂ ನೀರು ಕಪ್ಪಾಗಿಯೇ ಇಳಿಯುತ್ತಿತ್ತು. ನಾಲ್ಕು ದಿನ ಡ್ರಿಪ್ ಕೊಟ್ಟ ಮೇಲೆ ನಾಯಿ ಉಳಿಯಿತು. ಯಾವ ಕಜ್ಜಿಗೆ ಅಂತ ಹಚ್ಚಿದ್ದರೋ ಆ ಕಜ್ಜಿ ಮಾತ್ರ ಹಾಗೇ ಇತ್ತು.

ಈಗ ಜಿಮ್ಮಿ ವಿಷಯ. ನೀವು ಬರೆದದ್ದರಲ್ಲಿ ನಾನು ನಿಂತು ಓದಿದ್ದು ಎರಡು ಮಾತು: 'ಬಾಲದ ಬುಡ' ಮತ್ತು 'ಹದಿನೈದು ದಿನ'.

ನಾಯಿಯ ಚರ್ಮರೋಗದಲ್ಲಿ ಎಲ್ಲಿ ತುರಿಸುತ್ತದೆ ಅನ್ನುವುದೇ ಅರ್ಧ ಉತ್ತರ. ಸೊಂಟದಿಂದ ಬಾಲದ ಬುಡದವರೆಗೆ, ತೊಡೆಯ ಹಿಂಭಾಗದಲ್ಲಿ ಕೂದಲು ಹೋದರೆ ನಾನು ಮೊದಲು ಹುಡುಕುವುದು ಚಿಗಟವನ್ನು. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿ ಗಂಟು ಹೊಟ್ಟುಗಟ್ಟಿ ರಾತ್ರಿಯಿಡೀ ಕೆರೆಯುತ್ತಿದ್ದರೆ ಅದು ಸಾರ್ಕಾಪ್ಟಿಸ್ ಹುಳದ ಕಜ್ಜಿ. ಅಂಥ ನಾಯಿಯ ಕಿವಿಯಂಚನ್ನು ಬೆರಳಲ್ಲಿ ತಿಕ್ಕಿದರೆ ಸಾಮಾನ್ಯವಾಗಿ ಹಿಂಗಾಲು ತಾನಾಗಿ ಕೆರೆಯುವ ಹಾಗೆ ಆಡತೊಡಗುತ್ತದೆ, ಮನೆಯಲ್ಲೇ ನೋಡಬಹುದು. ಮರಿಗಳಿಗೆ ಕಣ್ಣು, ಬಾಯಿ, ಮುಂಗಾಲಿನ ಸುತ್ತ ತುರಿಕೆ ಇಲ್ಲದೆಯೇ ಕೂದಲು ಉದುರಿದರೆ ಡೆಮೊಡೆಕ್ಸ್ ಅನ್ನುವ ಇನ್ನೊಂದು ಹುಳ ಇರಬಹುದು. ದುಂಡಗೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕೂದಲು ಮುರಿದಿದ್ದರೆ ಹುಳುಕಡ್ಡಿಯ ಅನುಮಾನ. ಪಾದ ನೆಕ್ಕುವುದು, ಕಿವಿ ಒದರುವುದು, ಕಂಕುಳು ಕೆಂಪಾಗುವುದು ವರ್ಷವರ್ಷವೂ ಬರುತ್ತಿದ್ದರೆ ಅಲರ್ಜಿ. ನಡುವಯಸ್ಸಿನ ನಾಯಿ ದಪ್ಪಗಾಗಿ, ಸೋಮಾರಿಯಾಗಿ, ಕೆರೆತವೇ ಇಲ್ಲದೆ ಎರಡೂ ಪಕ್ಕೆಯಲ್ಲಿ ಒಂದೇ ಸಮ ಬೋಳಾದರೆ ಥೈರಾಯ್ಡ್ ನೋಡಬೇಕು. ಜಿಮ್ಮಿಯದು ಬಾಲದ ಬುಡದಲ್ಲಿ, ಮಳೆಗಾಲದಲ್ಲಿ ಶುರುವಾದದ್ದು. ನನ್ನ ಊಹೆ ಚಿಗಟದ ಅಲರ್ಜಿ. ಹೊಟ್ಟೆ ಕಪ್ಪಾದದ್ದು, ಕಮಟು ವಾಸನೆ ಬಂದದ್ದು ಆಮೇಲೆ ಬಂದು ಸೇರಿಕೊಂಡ ಯೀಸ್ಟ್ ಅನ್ನುವ ಶಿಲೀಂಧ್ರದ ಕೆಲಸ.

'ನಮ್ಮ ನಾಯಿ ಮೈಮೇಲೆ ಚಿಗಟ ಕಂಡೇ ಇಲ್ಲ' ಅನ್ನುತ್ತೀರಿ, ಗೊತ್ತು. ಎಲ್ಲರೂ ಅದನ್ನೇ ಅನ್ನುತ್ತಾರೆ. ಅಲರ್ಜಿ ಇರುವ ನಾಯಿಗೆ ರಾಶಿ ಚಿಗಟ ಬೇಕಾಗಿಲ್ಲ, ಅದರ ಎಂಜಲು ಸೋಕಿದರೆ ಸಾಕು, ಕೆಲವೇ ಕಡಿತಕ್ಕೆ ದಿನಗಟ್ಟಲೆ ತುರಿಸುತ್ತದೆ. ಜೊತೆಗೆ ಕೆರೆದು ಕಚ್ಚಿ ಇರುವ ಚಿಗಟವನ್ನೂ ಅದೇ ತಿಂದು ಮುಗಿಸಿರುತ್ತದೆ. ಹಾಗಾಗಿ ಚಿಗಟವನ್ನಲ್ಲ, ಅದರ ಹಿಕ್ಕೆಯನ್ನು ಹುಡುಕಿ. ಹೇನು ತೆಗೆಯುವ ಒತ್ತು ಹಲ್ಲಿನ ಹಣಿಗೆ ತಗೊಂಡು ಸೊಂಟದಿಂದ ಬಾಲದ ಕಡೆಗೆ ಚರ್ಮಕ್ಕೆ ತಾಗುವ ಹಾಗೆ ಬಾಚಿ. ಹಣಿಗೆಯಲ್ಲಿ ಬಂದದ್ದನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಕೊಡವಿ, ಒಂದೆರಡು ನಿಮಿಷ ಕಾಯಿರಿ. ಮಣ್ಣಾದರೆ ಮಣ್ಣಾಗಿಯೇ ಇರುತ್ತದೆ. ಕರಿಮೆಣಸಿನ ಪುಡಿ ಉದುರಿಸಿದಂತಿರುವ ಕರಿ ಚುಕ್ಕೆಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟ ಕುಡಿದು ಬಿಟ್ಟ ಜಿಮ್ಮಿಯದೇ ರಕ್ತ. ಈ ಬಟ್ಟೆ ನಿಮ್ಮತ್ತೆಯವರಿಗೂ ತೋರಿಸಿ.

ಮಲೆನಾಡಿನ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು ಇಲ್ಲಿಂದ ಶುರು. ಎಲ್ಲರೂ ನಾಯಿಗೆ ಔಷಧಿ ಹಾಕುತ್ತಾರೆ, ನಾಯಿ ಮಲಗುವ ಜಾಗಕ್ಕೆ ಯಾರೂ ಹಾಕುವುದಿಲ್ಲ. ಒಂದು ಮನೆಯ ಚಿಗಟಗಳಲ್ಲಿ ನಾಯಿಯ ಮೈಮೇಲೆ ಇರುವುದು ನೂರಕ್ಕೆ ಐದರಷ್ಟು ಮಾತ್ರ. ಮಿಕ್ಕ ತೊಂಬತ್ತೈದು ಮೊಟ್ಟೆ, ಮರಿಹುಳು, ಗೂಡುಗಳಾಗಿ ನೆಲದಲ್ಲಿರುತ್ತವೆ. ಹೆಣ್ಣು ಚಿಗಟ ದಿನಕ್ಕೆ ನಲವತ್ತು, ಐವತ್ತು ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ, ನಾಯಿ ಎದ್ದು ಮೈ ಕೊಡವಿದರೆ ಎಲ್ಲ ಕೆಳಗೆ. ಮರಿಹುಳುವಿಗೆ ಬೆಳಕು ಆಗದು, ಒಣಗಿದರೆ ಸಾಯುತ್ತದೆ, ಆದ್ದರಿಂದ ಗೋಣಿಚೀಲದ ಮಡಿಕೆಗೋ ಸಗಣಿ ಸಾರಿಸಿದ ನೆಲದ ಬಿರುಕಿಗೋ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಣಗುವ ವಸ್ತು ಯಾವುದಿದೆ ಹೇಳಿ? ಹಪ್ಪಳವೇ ಒಣಗುವುದಿಲ್ಲ. ಮಳೆಗೆ ಹೆದರಿ ನಾಯಿಯೂ ಹೊರಗೆ ಹೋಗದೆ ಸೌದೆ ಕೊಟ್ಟಿಗೆ, ಅಡಿಕೆ ಸಿಪ್ಪೆ ರಾಶಿ, ಬಚ್ಚಲೊಲೆ ಬಾಯಿ, ಈ ಮೂರರಲ್ಲಿ ಒಂದು ಕಡೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಚಿಗಟಕ್ಕೆ ಬೆಚ್ಚನೆ ಜಾಗ, ತೇವ, ಊಟ ಮೂರೂ ಒಂದೇ ಕಡೆ ಸಿಕ್ಕಿದಂತಾಯಿತು.

ಗೂಡಿನೊಳಗೆ ಸೇರಿದ ಚಿಗಟಕ್ಕೆ ಯಾವ ಸ್ಪ್ರೇಯೂ ಸರಿಯಾಗಿ ತಾಗುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು, ಹತ್ತಿರದಲ್ಲಿ ಓಡಾಟದ ಅದುರು, ಮೈಶಾಖ ಗೊತ್ತಾದ ಕೂಡಲೇ ಹೊರಬೀಳುತ್ತದೆ. ಬೀಗ ಹಾಕಿದ್ದ ಮನೆಗೆ ಹಬ್ಬಕ್ಕೆಂದು ಬಂದವರ ಕಾಲಿಗೆ ಚಿಗಟ ಮುತ್ತುವುದು ಇದಕ್ಕೇ. ಹಾಗಾಗಿ ಒಂದು ದಿನದ ಕೆಲಸ ಇದಲ್ಲ, ಮೂರು ತಿಂಗಳದ್ದು. ಜಿಮ್ಮಿ ಮಲಗುವ ಗೋಣಿಚೀಲ ಸುಟ್ಟುಬಿಡಿ, ಒಗೆಯುವ ಯೋಚನೆ ಬೇಡ. ಬದಲಿಗೆ ಹಳೇ ಕಾಟನ್ ಸೀರೆಯನ್ನು ನಾಲ್ಕು ತುಂಡು ಮಾಡಿಟ್ಟುಕೊಂಡು, ವಾರಕ್ಕೆರಡು ಸಲ ಹಂಡೆಯ ಕುದಿನೀರಿಗೆ ಹಾಕಿ ತೆಗೆಯಿರಿ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ ಹಾಕಿ ಮಲಗಿಸಿ, ಅಡಿಯಲ್ಲಿ ಪೊರಕೆ ಆಡುವಂತಿರಲಿ. ಗುಡಿಸಿದ ಕಸ ತಿಪ್ಪೆಗಲ್ಲ, ಬಚ್ಚಲೊಲೆಗೆ ಹೋಗಲಿ. ಬಿಸಿಲು ಮೂಡಿದ ದಿನ ಹಲಗೆಯನ್ನು ಅಂಗಳದಲ್ಲಿ ಕವುಚಿ ಹಾಕಿ.

ಅದೇ ದಿನ ಮನೆಯ ಎಲ್ಲ ನಾಯಿಗೂ ಔಷಧಿ ಬೀಳಬೇಕು. ಜಿಮ್ಮಿಗೆ ಮಾತ್ರ ಹಾಕಿ ಗೇಟಿನ ಹತ್ತಿರ ಇನ್ನೊಂದು ನಾಯಿ ಇದ್ದು ಅದನ್ನು ಬಿಟ್ಟರೆ ಪ್ರಯೋಜನವಿಲ್ಲ. ಈಗ ಬರುತ್ತಿರುವ ಫ್ಲೂರಲನರ್, ಅಫಾಕ್ಸೊಲನರ್ ಮಾತ್ರೆಗಳು ಚಿಗಟಕ್ಕೂ ಉಣುಗಿಗೂ ಚೆನ್ನಾಗಿ ಕೆಲಸ ಮಾಡುತ್ತವೆ, ಕಜ್ಜಿಹುಳಕ್ಕೂ ವೈದ್ಯರು ಇವನ್ನೇ ಬಳಸುತ್ತಾರೆ. ಮೊದಲನೆಯದು ಸುಮಾರು ಹನ್ನೆರಡು ವಾರ, ಎರಡನೆಯದು ಒಂದು ತಿಂಗಳು. ನಿಮ್ಮ ಕೇಸಿಗೆ ಹನ್ನೆರಡು ವಾರದ್ದು ಅನುಕೂಲ, ಗೂಡಿನಿಂದ ತಡವಾಗಿ ಹೊರಬರುವ ಚಿಗಟಗಳಿಗೂ ಸಿಗುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ನಾಲ್ಕು ಇಂಜೆಕ್ಷನ್ನಿಗೆ ಮತ್ತು ಆಟೋಗೆ ಆದ ಖರ್ಚು ಕೂಡಿಸಿ ನೋಡಿ. ಮಾತ್ರೆ ನಾಯಿಯ ತೂಕಕ್ಕೆ ತಕ್ಕದ್ದಿರಬೇಕು, ಊಟದ ಜೊತೆ ಕೊಡಬೇಕು. ಜಿಮ್ಮಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ, ಅಂಥ ನಾಯಿಗೆ ಬೇರೆ ದಾರಿ ನೋಡಬೇಕಾಗುತ್ತದೆ.

ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ದನದ ಔಷಧಿಯ ಬಾಟಲಿ ನಿಮ್ಮಲ್ಲೂ ಇದ್ದೇ ಇರುತ್ತದೆ. ಅಮಿಟ್ರಾಜ್ 12.5 ಶೇಕಡಾ ದ್ರಾವಣವನ್ನು ನಾಯಿಗೆ ಬಳಸುವುದುಂಟು, ಆದರೆ ಲೀಟರ್ ನೀರಿಗೆ 2 ಮಿಲಿ ಲೆಕ್ಕದಲ್ಲಿ. 'ಒಂದು ಮುಚ್ಚಳ' ಅಂತ ಅಂದಾಜಿನಲ್ಲಿ ಸುರಿದು, ನಾಯಿ ಮಂಕಾಗಿ, ಮೈ ತಣ್ಣಗಾಗಿ ಬಿದ್ದ ಮೇಲೆ ಓಡಿ ಬರುತ್ತಾರೆ. ಮರಿಗಳಿಗೆ, ಸಕ್ಕರೆ ಕಾಯಿಲೆಯ ನಾಯಿಗಳಿಗೆ ಅದು ಬೇಡವೇ ಬೇಡ. ಪರ್ಮೆಥ್ರಿನ್ ಜಾತಿಯ ದ್ರಾವಣಗಳ ಬಗ್ಗೆ ಇನ್ನೊಂದು ಮಾತು: ಮನೆಯಲ್ಲಿ ಬೆಕ್ಕಿದ್ದರೆ ಆ ಬಾಟಲಿ ಮುಟ್ಟಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿಕೊಳ್ಳುವ ಶಕ್ತಿ ಇಲ್ಲ. ಹಚ್ಚಿದ ನಾಯಿಯ ಪಕ್ಕ ಮಲಗಿ ನಡುಕ ಬಂದು ಸತ್ತ ಬೆಕ್ಕುಗಳಿವೆ. ಹಾಗೇ, ಔಷಧಿ ಹಾಕಿದ ನಾಯಿಯನ್ನು ಹಳ್ಳಕ್ಕಿಳಿಸಿ ತೊಳೆಯಬೇಡಿ, ಮೀನು ಏಡಿಗೆ ಅದು ನೇರ ವಿಷ.

ಇನ್ನು 'ಹದಿನೈದು ದಿನ'. ಯಾವ ಇಂಜೆಕ್ಷನ್ ಅಂತ ನೀವು ಬರೆದಿಲ್ಲ, ಚೀಟಿಯಲ್ಲಿ ಇದ್ದೀತು. ಒಂದೆರಡು ದಿನದಲ್ಲಿ ತುರಿಕೆ ಮಾಯವಾಗಿ ಎರಡು ವಾರ ಕಳೆದು ಮತ್ತೆ ಬರುತ್ತದೆ ಅಂದರೆ ಬಹುಶಃ ನಿಧಾನಕ್ಕೆ ಕರಗುವ ಸ್ಟೀರಾಯ್ಡ್. ಆ ದಿನಗಳಲ್ಲಿ ಜಿಮ್ಮಿ ನೀರು ಜಾಸ್ತಿ ಕುಡಿಯುತ್ತಿತ್ತೇ, ರಾತ್ರಿ ಉಚ್ಚೆಗೆ ಏಳುತ್ತಿತ್ತೇ, ತಟ್ಟೆ ನೆಕ್ಕಿ ಮತ್ತೆ ಬೇಡುತ್ತಿತ್ತೇ ನೆನಪು ಮಾಡಿಕೊಳ್ಳಿ. ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೆರೆದು ಕೆರೆದು ನಿದ್ದೆಗೆಟ್ಟ ನಾಯಿಗೆ ನಾಲ್ಕೈದು ದಿನ ಮಾತ್ರೆ ಕೊಡುವುದು ಕರುಣೆಯ ಕೆಲಸ. ಕಾರಣ ಹುಡುಕದೆ ಅದನ್ನೇ ಮತ್ತೆ ಮತ್ತೆ ಚುಚ್ಚುವುದಕ್ಕೆ ನನ್ನ ತಕರಾರು. ತುರಿಕೆ ಅಡಗುತ್ತದೆ, ಚರ್ಮದ ಕಾವಲೂ ಅಡಗುತ್ತದೆ, ಯೀಸ್ಟ್ ಬ್ಯಾಕ್ಟೀರಿಯಾಗಳಿಗೆ ಬಾಗಿಲು ತೆರೆದಂತೆ. ಮೆಡಿಕಲ್ ಶಾಪಿನಲ್ಲಿ ಮನುಷ್ಯರ ತುರಿಕೆಗೆ ಕೊಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಇರುವುದೂ ಇದೇ ಸ್ಟೀರಾಯ್ಡ್.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಐದು ತಿಂಗಳ ಜರ್ಮನ್ ಶೆಫರ್ಡ್ ಮರಿ ಬಂದಿತ್ತು, ಕಣ್ಣ ಸುತ್ತ ಕನ್ನಡಕ ಹಾಕಿದಂತೆ ಬೋಳು. ಹೊರಗೆ ಎಂಟು ಹಸು ಕಾಯುತ್ತಿದ್ದವು. ಅಲರ್ಜಿ ಇರಬೇಕು ಅಂದುಕೊಂಡು ಸ್ಟೀರಾಯ್ಡ್ ಬರೆದುಕೊಟ್ಟೆ. ಆರು ವಾರ ಬಿಟ್ಟು ಬಂದಾಗ ಮುಖ, ಕುತ್ತಿಗೆ, ನಾಲ್ಕೂ ಕಾಲು ಬೋಳಾಗಿ ಕೀವು ಜಿನುಗುತ್ತಿತ್ತು. ಮೊದಲ ದಿನವೇ ಮಾಡಬೇಕಾಗಿದ್ದ ಸ್ಕ್ರೇಪಿಂಗ್ ಆವತ್ತು ಮಾಡಿದೆ. ಬ್ಲೇಡಿಗೆ ಒಂದು ಹನಿ ಎಣ್ಣೆ ಹಚ್ಚಿ, ಚರ್ಮವನ್ನು ಎರಡು ಬೆರಳ ನಡುವೆ ಹಿಂಡಿ, ಸಣ್ಣಗೆ ರಕ್ತ ಒಸರುವವರೆಗೆ ಕೆರೆದು, ಗಾಜಿನ ಪಟ್ಟಿಗೆ ಬಳಿದು ಮೈಕ್ರೋಸ್ಕೋಪಿನಡಿ ಇಟ್ಟರೆ ತುಂಡು ಬೀಡಿಗಳಂಥ ಹುಳ, ಮುಂದುಗಡೆ ನಾಲ್ಕು ಜೊತೆ ಮೋಟುಗಾಲು ಆಡಿಸುತ್ತ ತುಂಬಿಕೊಂಡಿದ್ದವು. ಡೆಮೊಡೆಕ್ಸ್ ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದಲೇ ಮರಿಗೆ ಬಂದಿರುತ್ತದೆ, ಮೈಯ ಕಾವಲು ಗಟ್ಟಿ ಇರುವವರೆಗೆ ಸುಮ್ಮನಿರುತ್ತದೆ. ಆ ಕಾವಲನ್ನು ತೆಗೆದವನು ನಾನು. ಮರಿ ಗುಣವಾಗಲು ಐದು ತಿಂಗಳು ಹಿಡಿಯಿತು. ಆಮೇಲಿಂದ ಹೊರಗೆ ಎಷ್ಟೇ ಹಸು ಕಾದಿರಲಿ, ಚರ್ಮದ ಕೇಸಿಗೆ ಬ್ಲೇಡು ಹಿಡಿಯದೆ ಚೀಟಿ ಬರೆದಿಲ್ಲ.

ನೀವೂ ಕೇಳಿ. 'ಡಾಕ್ಟ್ರೇ, ಒಂದು ಸ್ಕ್ರೇಪಿಂಗ್ ಮಾಡಿ' ಅಂದರೆ ಯಾವ ವೈದ್ಯರೂ ಬೇಸರಿಸುವುದಿಲ್ಲ, ಬೇಸರಿಸಬಾರದು. ಜಿಮ್ಮಿಯ ಕಂಕುಳಿಗೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿ ತೆಗೆದು, ಬಣ್ಣ ಹಾಕಿ ನೋಡಿದರೆ ಯೀಸ್ಟ್ ಇದ್ದದ್ದು ಕಡಲೆಕಾಯಿ ಸಿಪ್ಪೆಯ ಆಕಾರದಲ್ಲಿ ಕಾಣುತ್ತದೆ. ಹತ್ತು ನಿಮಿಷದ ಕೆಲಸ. ಹತ್ತಿರದಲ್ಲಿ ಅನುಕೂಲ ಇಲ್ಲದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಒಂದು ಸಲ ಕರೆದುಕೊಂಡು ಹೋಗಿ ಬನ್ನಿ.

ಕಪ್ಪಾಗಿ ಆನೆ ಚರ್ಮದಂತಾದ ಹೊಟ್ಟೆಗೆ ಬಟ್ಟೆ ಸೋಪು ಶತ್ರು. ನಾಯಿಯ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು, ಆ ಸೋಪಿಗೆ ಇದ್ದಬದ್ದ ಜಿಡ್ಡೆಲ್ಲ ಹೋಗಿ ಬಿರಿಯುತ್ತದೆ. ಅದರ ಮೇಲೆ ಹೊಂಗೆ ಎಣ್ಣೆ ಹಚ್ಚಿದರೆ ಯೀಸ್ಟ್‌ಗೆ ಒಗ್ಗರಣೆ ಹಾಕಿದ ಹಾಗೆ, ಅದು ಜಿಡ್ಡು ತಿಂದು ಬದುಕುವಂಥದ್ದು. ಕ್ಲೋರ್‌ಹೆಕ್ಸಿಡಿನ್ 2 ಶೇಕಡಾ, ಮೈಕೊನಜೋಲ್ 2 ಶೇಕಡಾ ಎರಡೂ ಸೇರಿದ ನಾಯಿ ಶಾಂಪೂ ಸಿಗುತ್ತದೆ. ಮೊದಲ ಮೂರು ನಾಲ್ಕು ವಾರ ವಾರಕ್ಕೆರಡು ಸಲ, ಹದ ಬೆಚ್ಚಗಿನ ನೀರಿನಲ್ಲಿ. ಹೆಚ್ಚಿನವರು ಎಡವುವುದು ಹೊತ್ತಿನ ವಿಷಯದಲ್ಲಿ: ಹಚ್ಚಿ ಕೂಡಲೇ ತೊಳೆದರೆ ದುಡ್ಡು ಬಚ್ಚಲಿಗೆ ಹೋಯಿತು. ನೊರೆ ಮೈಮೇಲೆ ಹತ್ತು ನಿಮಿಷ ಇರಬೇಕು, ಕಂಕುಳು, ತೊಡೆಸಂದು, ಬೆರಳ ನಡುವೆ ಎಲ್ಲ. ಗಡಿಯಾರ ನೋಡಿಕೊಂಡೇ ನಿಲ್ಲಿಸಿ, ಅಷ್ಟು ಹೊತ್ತು ಮಗಳು ಕಿವಿ ಹಿಡಿದುಕೊಂಡು ಮಾತಾಡಿಸುತ್ತಿರಲಿ.

ಸ್ನಾನಕ್ಕಿಂತ ಒಣಗಿಸುವುದೇ ನಮ್ಮ ಕಡೆ ದೊಡ್ಡ ಕೆಲಸ. ಲ್ಯಾಬ್ರಡಾರ್ ರಕ್ತ ಇರುವ ನಾಯಿಗೆ ಒಳಗೊಂದು ದಟ್ಟ ತುಪ್ಪಳದ ಪದರ ಇರುತ್ತದೆ, ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ತೇವ ನಿಂತಿರುತ್ತದೆ. ಹಳೇ ಪಂಚೆಯಿಂದ ತಿಕ್ಕಬೇಡಿ, ಒತ್ತಿ ಒತ್ತಿ ನೀರು ಹೀರಿಸಿ. ಆಮೇಲೆ ಬಚ್ಚಲೊಲೆಯಿಂದ ನಾಲ್ಕಡಿ ದೂರದಲ್ಲಿ ಕೂರಿಸಿ, ತುಪ್ಪಳ ಬಿಡಿಸಿ ಬಿಡಿಸಿ ಬಾಚಿ. ಬೆರಳು ತೂರಿಸಿದರೆ ಬುಡ ಬೆಚ್ಚಗೆ, ಗರಿಗರಿಯಾಗಿ ತಾಗಬೇಕು. ಮಳೆಯಲ್ಲಿ ತೋಟ ಸುತ್ತಿ ಬಂದ ದಿನವೂ ಇಷ್ಟು ಮಾಡಿ. ತೋಟಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ದಿನ ಮಾತ್ರ ಕಟ್ಟಿಹಾಕಿರಿ, ಬಿರಿದ ಚರ್ಮಕ್ಕೆ ಮೈಲುತುತ್ತ ಉರಿ, ನೆಕ್ಕಿದರೆ ವಾಂತಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಯಿ ತಿನ್ನುವ ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗ ಚರ್ಮ ಮತ್ತು ಕೂದಲಿಗೇ ಹೋಗುತ್ತದೆ. ಅನ್ನ, ಸಾರು, ಮಿಕ್ಕ ಅಕ್ಕಿರೊಟ್ಟಿಯಲ್ಲಿ ಅದು ಎಲ್ಲಿಂದ ಬರಬೇಕು? ದಿನಕ್ಕೊಂದು ಬೇಯಿಸಿದ ಮೊಟ್ಟೆ, ಪೇಟೆಗೆ ಹೋದಾಗ ಭೂತಾಯಿ ಮೀನು ತಂದು ಉಪ್ಪು ಖಾರ ಹಾಕದೆ ಬೇಯಿಸಿ ವಾರಕ್ಕೆರಡು ಸಲ. ನೀವು ಮೀನು ಮೊಟ್ಟೆ ಮುಟ್ಟದ ಮನೆಯವರಾದರೆ ಒಳ್ಳೆಯ ನಾಯಿ ಫುಡ್ಡನ್ನೇ ಅರ್ಧದಷ್ಟು ಬೆರೆಸಿ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಬಾಲದ ಕೆಳಗೆ ಸೌತೆಬೀಜದಂಥ ಬಿಳಿ ತುಣುಕು ಅಂಟಿಕೊಂಡದ್ದು ಕಂಡರೆ ಅದೂ ಚಿಗಟದ ಕೊಡುಗೆಯೇ, ಚಿಗಟ ನುಂಗಿದ ನಾಯಿಗೆ ಬರುವ ಲಾಡಿಹುಳ. ಜಂತಿನ ಔಷಧಿ ಕೊಡಿಸಿ.

ಮಗಳ ಗುಳ್ಳೆ ಮೊಣಕಾಲಿನ ಕೆಳಗೆ, ಹಿಮ್ಮಡಿಯ ಸುತ್ತ ಗುಂಪುಗುಂಪಾಗಿದ್ದರೆ ಚಿಗಟದ ಕಡಿತ. ನಾಯಿ ಮತ್ತು ನೆಲ ಸರಿಹೋದರೆ ಅವೂ ಹೋಗುತ್ತವೆ. ಸೊಂಟ, ಹೊಟ್ಟೆ, ಮುಂಗೈ, ಅಂದರೆ ನಾಯಿಯನ್ನು ಎತ್ತಿಕೊಳ್ಳುವ ಜಾಗದಲ್ಲಿ ಎದ್ದು ರಾತ್ರಿ ತುರಿಸಿದರೆ ಕಜ್ಜಿಹುಳದ ಅನುಮಾನ, ದುಂಡಗೆ ಅಂಚು ಕೆಂಪಾಗಿ ಹರಡಿದರೆ ಹುಳುಕಡ್ಡಿ. ಎರಡಕ್ಕೂ ಚರ್ಮದ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ನಾಯಿ ಇದೆ ಅಂತ ಮರೆಯದೆ ಹೇಳಿ.

ಅತ್ತೆಯವರ ಭಯ ಸುಳ್ಳಲ್ಲ. ಮಂಗನ ಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಆದರೆ ಮುಖ್ಯವಾಗಿ ಅದನ್ನು ಹರಡುವುದು ಕಾಡಿನ ಒಂದು ಜಾತಿಯ ಉಣುಗು, ಅದೂ ಸಾಸಿವೆಗಿಂತ ಸಣ್ಣ ಮರಿ ಉಣುಗು, ಚಳಿಗಾಲದಿಂದ ಮುಂಗಾರು ಹಿಡಿಯುವವರೆಗೆ. ಜಿಮ್ಮಿಯ ಕಿವಿಯೊಳಗೆ, ಗೋಡೆ ಸಂದಿಯಲ್ಲಿ ಕಾಣುವ ಕಂದು ಉಣುಗು ಬೇರೆ. ಅದು ನಾಯಿಗೇ ಉಣುಗು ಜ್ವರ ತರುವಂಥದ್ದು. ಹಾಗಂತ ಕಾಡಿಗೆ ಹೋಗುವ ನಾಯಿ ಕಾಡಿನ ಉಣುಗನ್ನೂ ಹೊತ್ತು ತರಬಹುದು, ದನವೂ ತರಬಹುದು, ಕೊಟ್ಟಿಗೆಗೆ ಹಾಕುವ ದರಗಿನ, ಅಂದರೆ ಒಣ ಎಲೆಯ ಹೊರೆಯಲ್ಲೂ ಬರಬಹುದು. ನಾಯಿಯನ್ನು ಬಿಟ್ಟು ಬಂದರೆ ದರಗು ತರುವುದು ನಿಲ್ಲುತ್ತದೆಯೇ? ಉಣುಗಿನ ಮಾತ್ರೆ ತಪ್ಪದ ನಾಯಿ ಅತ್ತೆಯವರಿಗೆ ಕಡಿಮೆ ಅಪಾಯ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಬಂದರೆ ಜಿಮ್ಮಿಯನ್ನು ಕಾಡಿಗೆ ಬಿಡಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಉಣುಗು ಹತ್ತದಂತೆ ಅವರು ಕೊಡುವ ಡೇಪಾ ಎಣ್ಣೆ ಮನುಷ್ಯರ ಕೈಕಾಲಿಗೆ, ನಾಯಿಗೆ ಹಚ್ಚಬೇಡಿ. ಕಚ್ಚಿಕೊಂಡ ಉಣುಗನ್ನು ಬೀಡಿ ಕೆಂಡದಿಂದ ಸುಡುವುದು, ಉಗುರಲ್ಲಿ ಹಿಸುಕುವುದು ಎರಡೂ ತಪ್ಪು. ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ.

ಜಿಮ್ಮಿ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಕಂಡರೆ ಚರ್ಮದ ಯೋಚನೆ ಬದಿಗಿಟ್ಟು ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಉಣುಗು ಜ್ವರ ಕಾಯುವುದಿಲ್ಲ. ಕೆರೆದ ಗಾಯದಲ್ಲಿ ಹುಳ ಬಿದ್ದರೂ ಅಷ್ಟೇ, ಫಿನಾಯಿಲ್ ಸುರಿಯದೆ ಕರೆದುಕೊಂಡು ಬನ್ನಿ. ಅಂಥದ್ದೇನೂ ಇಲ್ಲದಿದ್ದರೆ ಈ ವಾರ ಗೋಣಿಚೀಲದ ಕೆಲಸ ಮುಗಿಸಿ, ಆಮೇಲೆ ಪರೀಕ್ಷೆಗೆ ಹೊರಡಿ. ಅದಕ್ಕೆ ಮೊದಲು ಮೂರು ದಿನ ಸ್ನಾನ ಬೇಡ, ಎಣ್ಣೆ ಬೇಡ, ಮುಲಾಮು ಬೇಡ. ಮೈ ತೊಳೆದು ಪೌಡರ್ ಹಾಕಿ ತಂದರೆ ನಮಗೆ ನೋಡಲು ಏನೂ ಸಿಗುವುದಿಲ್ಲ. ಕಮಟು ವಾಸನೆಗೆ ಬಸ್ಸಿನವರು ಬೈದಾರು, ಆಟೋದಲ್ಲೇ ಬನ್ನಿ. ಹಳೇ ಚೀಟಿ ನಾಲ್ಕೂ ಜೊತೆಗಿರಲಿ.